ಮುಗಿಲು ಕತ್ತರಿಸುವ ಕೆಲಸ

ನನ್ನ ಅಂಗಡಿಯಲ್ಲಿ ವಾರಕ್ಕೊಂದಾದರೂ ಇಂಥದು ನಡೆಯುತ್ತದೆ. ನಾನು ಕರೆದು ನಡೆಸುವುದಲ್ಲ, ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ.

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಟೇಲರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತವಳು ನಾನು. ಕ್ಯಾಮೆರಾ ಹಿಡಿಯುವುದಿಲ್ಲ. ಯಾದಗಿರಿ, ಸುರಪುರ, ಶಹಾಪುರ ಮೂರೂ ಕಡೆಯ ಸ್ಟುಡಿಯೋದವರು ತಮ್ಮ ಕೈಗೆ ಬಗ್ಗದ ಫೋಟೋಗಳನ್ನು ನನಗೆ ಕಳಿಸುತ್ತಾರೆ. ಕೈಗೆ ಬಗ್ಗದ್ದು ಎಂದರೆ ಹೆಚ್ಚಾಗಿ ಒಂದೇ: ಆಕಾಶದ ಎದುರಿಗೆ ಬಂದ ಸಣ್ಣ ಸಣ್ಣ ವಸ್ತು. ಕೂದಲು, ಎಲೆ, ತಂತಿ, ಉಣ್ಣೆ. ನಮ್ಮ ಕಡೆಯ ಬೇಸಿಗೆಯ ಆಕಾಶ ಫೋಟೋದಲ್ಲಿ ಒಣಹಾಕಿದ ಧೋತರದ ಹಾಗೆ ಬೆಳ್ಳಗೆ ಬರುತ್ತದೆ. ಅದು ಯಾರಿಗೂ ಬೇಡ, ಎಲ್ಲರಿಗೂ ನೀಲಿ ಬೇಕು. ನೀಲಿ ಹಾಕುವ ಮೊದಲು ಯಾವುದು ಆಕಾಶ, ಯಾವುದು ಅಲ್ಲ ಎಂದು ಕಂಪ್ಯೂಟರಿಗೆ ಎಳೆ ಎಳೆಯಾಗಿ ತೋರಿಸಬೇಕು. ಉಳಿಯಬೇಕಾದ್ದಕ್ಕೆ ಒಂದು ಮುಸುಕು ಹೊದಿಸಿ ಕಾಪಾಡಿದ ಹಾಗೆ ಅದು. ಮಾಸ್ಕ್ ಎಂದು ಅದರ ಹೆಸರು.

ಸ್ಟುಡಿಯೋದವರು ಮಾತ್ರ ಅದಕ್ಕೆ ‘ಕಟಿಂಗ್’ ಅನ್ನುತ್ತಾರೆ. ಕೆಳಗಿನ ಟೇಲರ್ ಮಾಸ್ತರರೂ ತಮ್ಮ ಕೆಲಸಕ್ಕೆ ಅದನ್ನೇ ಅನ್ನುತ್ತಾರೆ. ಹೀಗಾಗಿ ಬ್ಲೌಸ್ ಪೀಸು ಹಿಡಿದು ಮೇಲೆ ಬಂದವರೂ ಇದ್ದಾರೆ. ಅವರನ್ನು ಕೆಳಗೆ ಕಳಿಸುತ್ತೇನೆ. ಉಳಿದವರಲ್ಲಿ ಕೆಲವರ ವಿಷಯ ಹೇಳುತ್ತೇನೆ.

ಬೇವಿನ ಗಿಡ

ಬಳಿಚಕ್ರದ ಕಡೆಯ ಶಾಲೆಯೊಂದರಿಂದ ಹೆಡ್‌ಮಾಸ್ತರರು ಬಂದರು. ಅವರ ನಿವೃತ್ತಿಗೆ ಒಂದೇ ತಿಂಗಳು ಬಾಕಿ. ಮಕ್ಕಳು, ಮಾಸ್ತರರು, ಬಿಸಿಯೂಟ ಮಾಡುವವರು ಎಲ್ಲರೂ ನಿಂತ ಗ್ರೂಪ್ ಫೋಟೋ ತೆಗೆಸಿದ್ದರು. ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಶಾಲೆಗೆ ಕೊಟ್ಟು ಹೋಗಬೇಕೆಂದು ಅವರ ಆಸೆ. ಎಲ್ಲರ ಹಿಂದೆ ಒಂದು ದೊಡ್ಡ ಬೇವಿನ ಗಿಡ. ಗಿಡದ ಹಿಂದೆ ಬಿಳಿ ಆಕಾಶ.

“ಮುಗಿಲು ಸುಣ್ಣ ಬಳದಂಗ ಅದ ನೋಡ್ರಿ ಮೇಡಮ್ಮರ,” ಅಂದರು. “ನೀಲಿ ಮಾಡ್ರಿ. ಆದ್ರ ಗಿಡದ್ದು ಒಂದು ಎಲಿ ಸೈತ ಕಡಿಮಿ ಆಗಬಾರ್ದು.”

ಬೇವಿನ ಎಲೆಯ ಅಂಚು ಗರಗಸದ ಹಲ್ಲಿನ ಹಾಗೆ. ಎಲೆ ಎಲೆಯ ನಡುವೆ ಕಿಂಡಿ, ಒಂದೊಂದು ಕಿಂಡಿಯಲ್ಲೂ ಬಿಳಿ ಆಕಾಶದ ಒಂದು ಚೂರು. ಮೇಲಿನ ದೊಡ್ಡ ಆಕಾಶ ತೆಗೆಯುವುದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಈ ಚೂರುಗಳು ಉಳಿದರೆ ಗಿಡದ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತದೆ. ಮೂರು ದಿನ ಕೂತೆ. ಕಣ್ಣು ಮುಚ್ಚಿದರೆ ಬೇವು, ತೆರೆದರೆ ಬೇವು. ಮೂರನೆಯ ದಿನ ಸಂಜೆಗೆ ಗಿಡ ಒಂದು ಕಡೆ, ಆಕಾಶ ಒಂದು ಕಡೆ ಬೇರೆಯಾದವು. ಮಳೆ ನಿಂತ ಮೇಲಿನ ಒಳ್ಳೆಯ ನೀಲಿ ಹಾಕಿದೆ. ಒಂದು ಎಲೆಯೂ ಹೋಗಿರಲಿಲ್ಲ.

ಹೆಡ್‌ಮಾಸ್ತರರು ನನ್ನ ಕುರ್ಚಿಯ ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಮುಗಿಲು ಭಾಳ ಚಂದ ಬಂದಾದ್ರಿ,” ಅಂದರು. “ಇಷ್ಟು ಚಂದ ಮುಗಿಲಿಗೆ ಆ ಗಿಡ ಅಡ್ಡ ಬಂದಾದಲ್ಲ. ತೆಗೀಲಿಕ್ಕೆ ಬರ್ತದೇನ್ರಿ?”

“ಬರ್ತದ್ರಿ,” ಅಂದೆ.

ಗಿಡವನ್ನು ಬೇರೆ ಮಾಡಿಯೇ ಇಟ್ಟಿದ್ದೆನಲ್ಲ, ಅದನ್ನು ಮರೆಮಾಡುವುದಕ್ಕೆ ಎರಡು ನಿಮಿಷ ಸಾಕಾಯಿತು. ಹೆಡ್‌ಮಾಸ್ತರರು ಕೈಗಡಿಯಾರ ನೋಡಿಕೊಂಡರು.

“ಎರಡು ನಿಮಿಷದ ಕೆಲಸ ಇತ್ತು,” ಅಂದರು, “ಮೂರು ದಿನ ಯಾಕ ಇಟ್ಕೊಂಡಿದ್ರಿ?”

ಟಗರಿನ ಉಣ್ಣೆ

ಕೊಂಕಲ್ ಕಡೆಯ ಒಬ್ಬ ಕುರಿಗಾರ ಮುದುಕ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮಗಳ ಮೊಬೈಲು. ಮೊಬೈಲಿನಲ್ಲಿ ಒಂದು ಟಗರಿನ ಫೋಟೋ. ದಿನ್ನೆಯ ಮೇಲೆ, ಆಕಾಶಕ್ಕೆ ಎದೆ ಕೊಟ್ಟು ನಿಂತ ಕರಿ ಟಗರು. ಪಕ್ಕದಲ್ಲಿ ಒಂದು ಕುರಿ. ಟಗರು ಹೋದ ವರ್ಷ ಸತ್ತಿತ್ತು. ಅದರದೆಂದು ಇದ್ದ ಫೋಟೋ ಇದೊಂದೇ. ಆಕಾಶ ನೀಲಿ ಮಾಡಿ, ದೊಡ್ಡದು ತೆಗೆದು ಕೊಡಬೇಕು. ಮನೆಯಲ್ಲಿ ಅವನ ಅಪ್ಪನ ಫೋಟೋದ ಪಕ್ಕದಲ್ಲೇ ಅದಕ್ಕೆ ಮೊಳೆ ಹೊಡೆದು ಇಟ್ಟಿದ್ದನಂತೆ.

ನಾನು ಕುರಿಯ ಉಣ್ಣೆಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟವಳಲ್ಲ. ಟಗರಿನ ಸುತ್ತ ಅಂಚು ಎಳೆದು, ನುಣ್ಣಗೆ ಮಾಡಿ, ಹಿಂದೆ ನೀಲಿ ಹಾಕಿ ತೋರಿಸಿದೆ.

ಮುದುಕ ನೋಡಿದ. “ಯವ್ವಾ, ಇದರ ಉಣ್ಣಿ ಯಾರು ಕತ್ತರಿಸ್ಯಾರ?”

“ಯಾರೂ ಕತ್ತರಿಸಿಲ್ಲಜ್ಜ.”

“ಕತ್ತರಿಸ್ಯಾರ. ಈ ಫೋಟೋ ತೆಗದಾಗ ಉಣ್ಣಿ ನಾಕು ಬೊಟ್ಟು ಬೆಳದಿತ್ತು. ನಾ ಆಗ ಕತ್ತರಿ ಹಚ್ಚಿದ್ದಿಲ್ಲ.”

ಅವನು ಹೇಳಿದ್ದು ಸರಿ ಇತ್ತು. ಅಂಚು ನುಣ್ಣಗೆ ಮಾಡುವಾಗ ಹೊರಗೆ ಚಾಚಿದ ಉಣ್ಣೆಯ ಎಳೆಗಳನ್ನೆಲ್ಲ ಆಕಾಶದ ಜೊತೆ ಕಳಿಸಿಬಿಟ್ಟಿದ್ದೆ. ನಾಳೆ ಬಾ ಅಂದೆ.

ಮರುದಿನ ಬೇರೆ ಕೆಲಸ ಮೈಮೇಲೆ ಬಿದ್ದಿತ್ತು. ಒಂದೊಂದೇ ಎಳೆ ಹಿಡಿಯುತ್ತ ಕೂರುವ ತಾಳ್ಮೆ ಇರಲಿಲ್ಲ. ಪಕ್ಕದಲ್ಲಿ ನಿಂತ ಕುರಿಯ ಹೆಗಲಿನ ಉಣ್ಣೆ ಫೋಟೋದಲ್ಲಿ ಚೆನ್ನಾಗಿ ಬಂದಿತ್ತು. ಅದನ್ನು ತೆಗೆದು ಟಗರಿನ ಬೆನ್ನಗುಂಟ ಅಂಟಿಸಿದೆ. ಎರಡೂ ಕಪ್ಪು. ನನ್ನ ಕಣ್ಣಿಗೆ ಯಾವ ಫರಕೂ ಕಾಣಲಿಲ್ಲ.

ಮುದುಕ ಪರದೆಯ ಹತ್ತಿರ ಬಾಗಿದ. “ಇದು ನಮ್ಮ ಟಗರಿನ ಉಣ್ಣಿ ಅಲ್ಲ.”

ನಾನು ಅಂಟಿಸಿದ ಕಡೆ ಹಿಗ್ಗಿಸಿ ನೋಡಿದೆ.

“ಇದು ಬಾಜೂ ನಿಂತದಲ್ಲ, ಆ ಕುರೀದು.”

“ನಿನಗ ಹೆಂಗ ಗೊತ್ತಾಯ್ತಜ್ಜ?”

“ನಿನ್ನ ತಲಿಗಿ ನಿಮ್ಮ ಓಣ್ಯಾಗಿನ ಇನ್ನೊಬ್ಬಾಕಿ ಕೂದಲ ಹಚ್ಚಿದ್ರ ನಿಮ್ಮವ್ವಗ ಗೊತ್ತಾಗೋದಿಲ್ಲೇನು?”

ಅವತ್ತು ಮಧ್ಯಾಹ್ನ ಪೂರ್ತಿ ಟಗರಿನ ಬೆನ್ನ ಮೇಲೆ ಕಳೆದೆ. ಮೊದಲಿನ ಫೋಟೋ ತೆಗೆದುಕೊಂಡು, ಅದರ ಉಣ್ಣೆಯನ್ನೇ ಎಳೆ ಎಳೆಯಾಗಿ ಆಕಾಶದಿಂದ ಬಿಡಿಸಿದೆ. ಮುದುಕ ಅಲ್ಲಿಯವರೆಗೂ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ. ಮುಗಿದ ಮೇಲೆ ಎದ್ದು ಬಂದು ನೋಡಿದ. ಹೆಬ್ಬೆರಳನ್ನು ಪರದೆಯ ಮೇಲೆ, ಟಗರಿನ ಕತ್ತಿನ ಹತ್ತಿರ, ಒಂದು ಸಲ ಆಡಿಸಿದ.

“ಈಗ ಬರೋಬ್ಬರಿ,” ಅಂದ. ಕಂಬಳಿ ಹೆಗಲಿಗೇರಿಸಿ ಮೆಟ್ಟಿಲ ತನಕ ಹೋದವನು ತಿರುಗಿ ನಿಂತ.

“ಆ ಕುರೀದು ಉಣ್ಣಿ ತಗೊಂಡಿದ್ಯಲ್ಲ, ಅದಕ್ಕ ವಾಪಸ್ ಹಚ್ಚಿದ್ಯೋ ಇಲ್ಲೋ?”

ಎಣ್ಣೆ

ಇದು ಚಿಕ್ಕದು. ಒಂದು ಮದುವೆ ಹೆಣ್ಣಿನ ಫೋಟೋ ಬಂದಿತ್ತು. ಶಹಾಪುರದ ಬೆಟ್ಟದ ಎದುರಿಗೆ, ಗಾಳಿಗೆ ಕೂದಲು ಬಿಚ್ಚಿ ಬಿಟ್ಟು ನಿಂತಿದ್ದಳು. ಹಾರುವ ಕೂದಲನ್ನು ಆಕಾಶದಿಂದ ಬಿಡಿಸುವುದು ನನ್ನ ಕೆಲಸದಲ್ಲೇ ಕಷ್ಟದ್ದು. ಒಂದೂ ಬಿಡದೆ ಬಿಡಿಸಿದೆ. ನೋಡಿದವರೆಲ್ಲ ಹೊಗಳಿದರು. ಕೊನೆಗೆ ಹುಡುಗಿಯ ಅಜ್ಜಿ ನೋಡಿದಳು.

“ಹಿಂಗ ಕೆದರಿದ ತಲಿ ನೋಡಿದ್ರ ಬೀಗರು ಏನಂದಾರು? ಹೆಳಲು ಹಾಕ್ಲಿಕ್ಕೆ ಮನ್ಯಾಗ ಹೆಣ್ಣಮಕ್ಕಳೇ ಇದ್ದಿದ್ದಿಲ್ಲೇನು ಅಂತಾರ. ಜರಾ ಎಣ್ಣಿ ಹಚ್ಚಿ ಕೂಡಿಸು ತಂಗಿ.”

“ಕಂಪ್ಯೂಟರಿನ್ಯಾಗ ಎಣ್ಣಿ ಇಲ್ಲಮ್ಮ,” ಅಂದೆ.

ಅಜ್ಜಿ ಎದ್ದು ಹೋದಳು. ಒಂದು ತಾಸಿನ ಮೇಲೆ ವಾಪಸ್ ಬಂದು, ಕೀಬೋರ್ಡಿನ ಪಕ್ಕ ಒಂದು ಕೊಬ್ಬರಿ ಎಣ್ಣೆ ಬಾಟಲಿ ಇಟ್ಟಳು.

“ಮನಿಯಿಂದ ತಂದೀನಿ. ಉಳದದ್ದು ನೀ ಹಚ್ಕೋ. ನಿಂದೂ ಹಂಗೇ ಅದ.”

ಮೋಡದ ಸೀರೆ

ಯಾದಗಿರಿಯ ಒಂದು ಕುಟುಂಬ. ಗಂಡ ಪೋಸ್ಟ್‌ಮ್ಯಾನ್, ಹೆಂಡತಿ ಅಂಗನವಾಡಿ ಟೀಚರ್. ಬುದ್ಧ ಪೂರ್ಣಿಮೆಯ ದಿನ ಹೊಸ ಮನೆಯ ಮಾಳಿಗೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಮಾಮೂಲು ಬೇಡಿಕೆ: ಹಿಂದಿನ ಆಕಾಶ ಬದಲಿಸಿ, ಸ್ವಲ್ಪ ಮೋಡ ಹಾಕಿ.

ಈಗೀಗ ಆಕಾಶವನ್ನು ತಾನೇ ಗುರುತು ಹಿಡಿಯುವ ಒಂದು ಬಟನ್ ಬಂದಿದೆ. ಒತ್ತಿದರೆ ಸಾಕು, ಇದು ಆಕಾಶ ಎಂದು ಅದೇ ನಿರ್ಣಯ ಮಾಡುತ್ತದೆ. ನಾನು ಸಾಮಾನ್ಯವಾಗಿ ಅದನ್ನು ನಂಬುವುದಿಲ್ಲ. ಅವತ್ತು ಲಗ್ನದ ಸೀಜನ್ನು, ನಂಬಿದೆ. ಟೀಚರಮ್ಮ ತಿಳಿನೀಲಿ ಸೀರೆ ಉಟ್ಟಿದ್ದರು. ಅದೂ ಆಕಾಶವೇ ಎಂದು ಕಂಪ್ಯೂಟರ್ ತೀರ್ಮಾನ ಮಾಡಿತು. ಸಂಜೆಯ ಕೆಂಪು ಮೋಡಗಳು ಅವರ ತಲೆಯ ಹಿಂದೆಯೂ ಬಂದವು, ಸೀರೆಯ ಮೇಲೂ ಬಂದವು. ನೆರಿಗೆಯ ಹತ್ತಿರ ಒಂದು ದೊಡ್ಡ ಮೋಡ, ಸೆರಗಿನ ಮೇಲೆ ಮುಳುಗುವ ಹೊತ್ತಿನ ಬೆಳಕು. ನಾನು ಮುಖಗಳನ್ನು ಮಾತ್ರ ನೋಡಿ ಕಳಿಸಿಬಿಟ್ಟೆ.

ತಪ್ಪು ಗೊತ್ತಾದದ್ದು ಮರುದಿನ. ಫೋನ್ ಮಾಡಿ, ವಾಪಸ್ ಕೊಡಿ, ಸರಿ ಮಾಡಿಕೊಡುತ್ತೇನೆ ಅಂದೆ. ಟೀಚರಮ್ಮ ಕೊಡಲಿಲ್ಲ.

“ಇರ್ಲಿ ಬಿಡ್ರಿ ಅಕ್ಕಾರ. ಇಂಥಾ ಸೀರಿ ನಾ ಎಂದೂ ಉಟ್ಟಿಲ್ಲ. ಚಂದ ಕಾಣ್ಲಿಕ್ಕತ್ತೀನಿ.”

ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹತ್ತು ದಿನದ ಮೇಲೆ ಪೋಸ್ಟ್‌ಮ್ಯಾನ್ ಬಂದು ಎದುರಿಗೆ ಕೂತರು. ಬಹಳ ದಣಿದಿದ್ದರು.

“ಅಕ್ಕಾರ, ಆ ಸೀರಿ ಖರೇನೇ ಬೇಕಂತ ಹಟ ಹಿಡದಾಳ. ಯಾದಗಿರ್ಯಾಗ ಇದ್ದಬದ್ದ ಅಂಗಡಿ ತಿರುಗೀನಿ. ಸುರಪುರಕ್ಕೂ ಹೋಗಿ ಬಂದೀನಿ. ಫೋಟೋ ತೋರಿಸ್ತೀನಿ, ಇಲ್ಲ ಅಂತಾರ.”

“ಅದು ಸೀರಿ ಅಲ್ರಿ, ಮುಗಿಲು,” ಅಂದೆ.

“ನನಗ ಗೊತ್ತದ್ರಿ. ಆಕಿಗೂ ಗೊತ್ತದ. ಆದ್ರೂ ಹುಡುಕ್ಕೊಂಡು ಬಾ ಅಂತಾಳ. ಊರ ಮಂದಿ ಪತ್ರ ಎಲ್ಲಿದ್ರೂ ಹುಡುಕಿ ಮುಟ್ಟಿಸ್ತೀರಿ, ನಂದೊಂದು ಸೀರಿ ಸಿಗೋದಿಲ್ಲೇನು ಅಂತ ಕೇಳ್ತಾಳ.”

ಅವರಿಗೆ ಚಹಾ ತರಿಸಿ ಕೊಟ್ಟೆ. ಬೇರೆ ಏನೂ ಮಾಡುವಂತಿರಲಿಲ್ಲ.

ಮುಂದಿನ ವಾರ ಯಾದಗಿರಿಯ ಒಬ್ಬ ಬಟ್ಟೆ ವ್ಯಾಪಾರಿ ಫೋನ್ ಮಾಡಿದರು. ಪೋಸ್ಟ್‌ಮ್ಯಾನ್ ಅವರ ಅಂಗಡಿಗೂ ಫೋಟೋ ಹಿಡಿದು ಹೋಗಿದ್ದರಂತೆ. ಅವತ್ತು ಅಲ್ಲಿ ಇದ್ದ ಹೆಂಗಸರೂ ಅದನ್ನು ನೋಡಿದ್ದರಂತೆ.

“ಅಕ್ಕಾರ, ಆ ಸೀರಿ ನಿಮ್ಮ ಕಡಿಂದ ಬಂದಾದ ಅಂತ ಕೇಳೀನಿ,” ಅಂದರು. “ಇಲ್ಲಿ ಮತ್ತ ಆರು ಮಂದಿ ಕೇಳ್ಯಾರ. ಹೋಲ್‌ಸೇಲ್ ಎಲ್ಲಿ ಸಿಗ್ತದ ಜರಾ ಹೇಳ್ರಿ.”

ಹೊಗೆ

ಕಡೇಚೂರಿನ ಕಡೆಯ ಒಂದು ಫ್ಯಾಕ್ಟರಿಯಿಂದ ಸೂಪರ್‌ವೈಸರ್ ಒಬ್ಬ ಬರುತ್ತಿದ್ದ. ಇಲ್ಲಿಯವನೇ. ಅವರ ಸಾಹೇಬರಿಗೆ ಹೊಸ ವರ್ಷದ ಕ್ಯಾಲೆಂಡರ್ ಮಾಡಿಸಬೇಕಿತ್ತು. ಫೋಟೋದಲ್ಲಿ ಒಂದು ಎತ್ತರದ ಚಿಮಣಿ, ಅದಕ್ಕೆ ಹತ್ತುವ ತೆಳು ಕಬ್ಬಿಣದ ಏಣಿ, ಮೇಲೆ ಕರಿ ಹೊಗೆ.

“ಹೊಗಿ ತೆಗೀಬೇಕಂತ್ರಿ,” ಅಂದ. “ಏಣಿ ಇರ್ಬೇಕಂತ.”

ಹೊಗೆಯನ್ನು ಆಕಾಶದಿಂದ ಬೇರೆ ಮಾಡುವುದು ಕೂದಲಿಗಿಂತ ಕಷ್ಟ. ಕೂದಲಿಗೆ ಒಂದು ಕೊನೆಯಾದರೂ ಇರುತ್ತದೆ. ಹೊಗೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ಹೊಗೆಗೇ ಗೊತ್ತಿರುವುದಿಲ್ಲ. ಅದರ ಹಿಂದಿನಿಂದ ಏಣಿಯ ಒಂದೊಂದು ಮೆಟ್ಟಿಲು ಹುಡುಕಿ ತೆಗೆದೆ. ಚಿಮಣಿ ಸಾಫಾಗಿ ನಿಂತಿತು. ಸೂಪರ್‌ವೈಸರ್ ತೆಗೆದುಕೊಂಡು ಹೋದ. ಎರಡು ದಿನಕ್ಕೆ ಮತ್ತೆ ಬಂದ.

“ಇದನ್ನ ನೋಡಿ ಮ್ಯಾಲಿನ ದೊಡ್ಡ ಸಾಹೇಬ್ರು, ಫ್ಯಾಕ್ಟರಿ ಬಂದ್ ಅದ ಏನು ಅಂತ ಕೇಳಿದ್ರಂತ್ರಿ. ಸ್ವಲ್ಪ ಹೊಗಿ ಹಾಕ್ರಿ. ಆದ್ರ ಕರೇದು ಬ್ಯಾಡಂತ, ಬೆಳ್ಳಂದು.”

ಬಿಳಿ ಹೊಗೆ ಹಾಕಿದೆ. ಮೂರನೆಯ ಸಲ ಬಂದ.

“ಭಾಳ ಬೆಳ್ಳಗಾಯ್ತಂತ್ರಿ. ನೋಡಿದವರು ಹತ್ತಿ ಮಿಲ್ ಅಂತ ತಿಳ್ಕೋತಾರಂತ. ಹೊಗಿ ಇದ್ರೂ ಇಲ್ಲದಂಗ ಕಾಣ್ಬೇಕಂತ.”

ಇದ್ದೂ ಇಲ್ಲದ ಹೊಗೆಗೆ ಒಂದು ದಿನ ಹಿಡಿಯಿತು. ನಾಲ್ಕನೆಯ ಸಲ ಅವನು ಬಂದು ಕುರ್ಚಿಯ ಮೇಲೆ ಕೂತ. ಈಗ ಎಲ್ಲ ಸಾಹೇಬರೂ ಸೇರಿ ಕೂತು ಒಂದು ತೀರ್ಮಾನಕ್ಕೆ ಬಂದಿದ್ದಾರೆ ಅಂದ. ಇದೇ ಕೊನೆಯದಂತೆ, ಇನ್ನು ಬದಲಾಗುವುದಿಲ್ಲವಂತೆ.

“ಏನಂತ?”

ಅವನು ಫೋಟೋದ ಮೂಲೆಯಲ್ಲಿ, ಕಾಂಪೌಂಡಿನ ಆಚೆ, ದೂರದಲ್ಲಿ ಕಾಣುತ್ತಿದ್ದ ಇನ್ನೊಂದು ಚಿಮಣಿಯನ್ನು ಬೆರಳಿಟ್ಟು ತೋರಿಸಿದ.

“ಹೊಗಿ ಇರ್ಲಿ ಅಂತ್ರಿ. ಆದ್ರ ಆ ಬಾಜೂಕಿನ ಫ್ಯಾಕ್ಟರಿ ಚಿಮಣಿಗೆ ಹಾಕ್ರಿ ಅಂತ.”

ನಾನು ಹಾಕಲಿಲ್ಲ. ಹೊಗೆ ಇಲ್ಲದ್ದನ್ನೇ ಕೊಟ್ಟು ಕಳಿಸಿದೆ. ಕ್ಯಾಲೆಂಡರಿನಲ್ಲಿ ಕೊನೆಗೆ ಗುಲಾಬಿ ಹೂವಿನ ಚಿತ್ರ ಬಂತು.

ಕಿವಿಯ ಕೂದಲು

ಶಹಾಪುರದ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು ಒಂದು ಫೋಟೋ ತಂದರು. ಅಪ್ಪ ಹೊಲದ ಬದುವಿನ ಮೇಲೆ ರುಮಾಲು ಸುತ್ತಿಕೊಂಡು ಕೂತಿದ್ದಾರೆ, ಹಿಂದೆ ಆಕಾಶ, ಆಕಾಶದ ತುಂಬ ಕರೆಂಟಿನ ತಂತಿ. ತಂತಿ ತೆಗೆದು, ಗೋಡೆಗೆ ಹಾಕುವ ಹಾಗೆ ಮಾಡಿಕೊಡಬೇಕು.

ಮಾಡಿದೆ. ತಂತಿ ತೆಗೆಯುವಾಗ ಕಿವಿಯ ಹತ್ತಿರ ಬಿಸಿಲಿಗೆ ಹೊಳೆಯುತ್ತಿದ್ದ ಏನೋ ಕಸ ಕಂಡಿತು. ಎರಡೂ ಕಡೆ ಇತ್ತು. ಅದನ್ನೂ ಒರೆಸಿದೆ. ಮಕ್ಕಳು ಬಂದು ನೋಡಿ ಭಾಳ ಚಂದ ಆಗ್ಯಾದ ಅಂದರು. ಅವರ ಜೊತೆ ತಾಯಿಯೂ ಬಂದಿದ್ದರು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಇವರು ಯಾರು?”

“ಅಪ್ಪ, ಯವ್ವಾ,” ಅಂದ ದೊಡ್ಡ ಮಗ.

“ನಿಮ್ಮಪ್ಪ ಅಲ್ಲ. ಕಿವಿ ನೋಡು.”

ನಾನು ಮೊದಲಿನ ಫೋಟೋ ತೆಗೆದು ಹಿಗ್ಗಿಸಿದೆ. ನಾನು ಕಸ ಅಂದುಕೊಂಡದ್ದು ಕಿವಿಯ ಕೂದಲು. ಕಿವಿಯೊಳಗಿಂದ ಹೊರಟು, ಗೋಧಿ ತೆನೆಯ ಮೀಸೆಯ ಹಾಗೆ ಆಕಾಶಕ್ಕೆ ಚಾಚಿಕೊಂಡಿತ್ತು. ತಪ್ಪು ನನ್ನದೇ. ಅಲ್ಲೇ ಕೂತು, ಅವರ ಎದುರಿಗೇ, ಒಂದೊಂದೇ ಎಳೆ ವಾಪಸ್ ತಂದೆ. ಸಣ್ಣ ಮಗ ನನ್ನ ಹತ್ತಿರ ಬಾಗಿ ಮೆಲ್ಲಗೆ, “ಅರ್ಧ ಇದ್ರ ಸಾಕ್ರಿ ಅಕ್ಕಾ. ಬಂದವರು ನೋಡ್ತಾರ,” ಅಂದ.

ತಾಯಿಗೆ ಅದು ಕೇಳಿಸಿತು.

“ಪೂರಾ ಹಾಕು ತಂಗಿ,” ಅಂದರು. “ಕತ್ತರಿಸ್ಕೋರಿ ಕತ್ತರಿಸ್ಕೋರಿ ಅಂತ ನಾ ನಲವತ್ತು ವರ್ಷ ಹೇಳೀನಿ, ಕೇಳಿಲ್ಲ. ಈಗ ನೀ ಯಾರೋ ಒಬ್ಬಾಕಿ ಒಂದು ದಿನದಾಗ ಕತ್ತರಿಸಿದಿ ಅಂದ್ರ, ಓಣ್ಯಾಗ ನನ್ನ ಮಾತಿಗೆ ಏನು ಕಿಮ್ಮತ್ತು ಉಳೀತದ?”

ಗುಡ್ಡದ ಮೇಲಿನ ವರ

ಯಾದಗಿರಿಯ ಯಾವುದೋ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವನು. ವಯಸ್ಸು ಮೂವತ್ತೆರಡು ಇರಬೇಕು. ಮೋಟರ್‌ಸೈಕಲ್ ಮೇಲೆ ಬಂದು, ಹೆಲ್ಮೆಟ್ ತೆಗೆಯದೆಯೇ ಬಾಗಿಲಲ್ಲಿ ನಿಂತು ಮೊಬೈಲು ಕೊಟ್ಟ. ಗೆಳೆಯನೊಬ್ಬ ಕೋಟೆಯ ಗುಡ್ಡದ ಮೇಲೆ ತೆಗೆದ ಫೋಟೋ. ಸಂಜೆಯ ಬಿಸಿಲಿಗೆ ಬೆನ್ನು ಕೊಟ್ಟು ಬಂಡೆಯ ಮೇಲೆ ಕೂತಿದ್ದ. ಮುಖ ನೋಡಲು ಸಾಧುವಾಗಿತ್ತು.

“ಹಿಂದಿನ ಮುಗಿಲು ಜರಾ ಚಂದ ಮಾಡಿಕೊಡ್ರಿ ಅಕ್ಕಾರ. ಹೆಣ್ಣಿನ ಮನಿಗೆ ಕಳಿಸ್ಬೇಕು,” ಅಂದ.

ನನಗೆ ಫೋಟೋ ಮಾತ್ರ ಗೊತ್ತು, ಮನುಷ್ಯ ಗೊತ್ತಿಲ್ಲ. ಫೋಟೋದಲ್ಲಿ ತಲೆಯ ಮೇಲೆ ಗಾಳಿಗೆ ಎದ್ದು ನಿಂತ ಕೂದಲು ದಟ್ಟವಾಗಿತ್ತು. ಬೆಳಕು ಹಿಂದಿನಿಂದ ಬಂದದ್ದರಿಂದ ಎಲ್ಲ ಕಪ್ಪಗೆ, ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಇಂಥ ಕೂದಲು ಸಿಗುವುದು ಅಪರೂಪ. ಮಧ್ಯಾಹ್ನದ ಊಟ ಬಿಟ್ಟು ಕೂತು ಒಂದನ್ನೂ ಹೋಗಗೊಡದೆ ಕಾಪಾಡಿದೆ. ಹಿಂದೆ ನಸುಗೆಂಪು ಆಕಾಶ ಹಾಕಿದೆ. ನನ್ನ ಕೆಲಸ ನಾನೇ ಮೆಚ್ಚಿಕೊಂಡ ದಿನಗಳು ಕಡಿಮೆ, ಅದು ಒಂದು.

ಮರುದಿನ ಅವನು ಮತ್ತೆ ಹೆಲ್ಮೆಟ್ಟಿನಲ್ಲೇ ಬಂದ. ಪರದೆಯ ಹತ್ತಿರ ಬಾಗಿ ಫೋಟೋ ನೋಡಿದ.

“ಕೂದಲ ನೀವು ಹಚ್ಚೀರೇನ್ರಿ?”

“ಇಲ್ರಿ. ಇದ್ದದ್ದೇ ಕತ್ತರಿಸೀನಿ. ನಂದು ಒಂದೆಳಿನೂ ಇಲ್ಲ.”

“ಖರೇನಾ?”

“ಖರೇನೇ.”

ಅವನು ಇನ್ನೊಂದು ಸಲ ನೋಡಿದ. “ಗಾಳಿಗೆ ಎದ್ದಿರಬೇಕು,” ಅಂದ. ಮುಖದ ಮೇಲೆ ಒಂದು ಸಮಾಧಾನ ಬಂತು. ಹೋದ.

ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಸುರಪುರದ ಕಡೆಯ ಒಬ್ಬ ಹಿರಿಯರು, ಜೊತೆಗೆ ಮಗಳು, ಅದೇ ಫೋಟೋ ಹಿಡಿದು ಬಂದರು. ಹಿರಿಯರು ಒಕ್ಕಲುತನದವರು. ಮಗಳು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಹಿಂದಿನ ದಿನವಷ್ಟೇ ಗಂಡಿನವರು ಹೆಣ್ಣು ನೋಡಲು ಬಂದು ಹೋಗಿದ್ದರು. ಹುಡುಗ ಚಪ್ಪಲಿ ಬಿಟ್ಟು, ಹೆಲ್ಮೆಟ್ ತೆಗೆದು ಒಳಗೆ ಬಂದಾಗ ಪಡಸಾಲೆಯಲ್ಲಿ ಮಾತು ನಿಂತಿತಂತೆ. ನೆತ್ತಿಯ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲವಂತೆ. ಹುಡುಗಿಯ ಸೋದರತ್ತೆ, “ಫೋಟೋದಾಗಿನವರು ಬರಲಿಲ್ಲೇನ್ರಿ?” ಎಂದು ಕೇಳಿದ್ದರಂತೆ. ಹುಡುಗ, ಅದು ನಾನೇ, ಬೇಕಾದರೆ ಶಹಾಪುರದ ಅಕ್ಕನನ್ನು ಕೇಳಿ, ಒಂದು ಎಳೆಯೂ ಹಚ್ಚಿಲ್ಲ ಎಂದು ಆಕೆಯೇ ಹೇಳಿದ್ದಾಳೆ ಅಂದನಂತೆ.

“ಅದಕ್ಕ ಬಂದೀವ್ರಿ,” ಅಂದರು ಹಿರಿಯರು. “ಹುಡುಗ ಒಳ್ಳೇವ ಅಂತ ಎಲ್ಲಾರೂ ಹೇಳ್ತಾರ. ಕೂದಲ ಇಲ್ಲ ಅಂತ ನಮಗ ಬ್ಯಾಸರಿಲ್ಲ. ಸುಳ್ಳ ಹೇಳ್ಯಾನ ಅಂದ್ರ ಮಾತ್ರ ಈ ಮಾತು ಇಲ್ಲಿಗೇ ಬಿಡ್ತೀವಿ. ನೀವು ಕರೆಕ್ಟ್ ಹೇಳ್ರಿ.”

ಒಂದು ಲಗ್ನ ನನ್ನ ಮಾತಿನ ಮೇಲೆ ನಿಂತದ್ದು ಅದೇ ಮೊದಲು. ಮೊಬೈಲಿನಿಂದ ಬಂದಿದ್ದ ಮೊದಲಿನ ಫೋಟೋ ತೆಗೆದೆ. ತಲೆಯ ಭಾಗ ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಕೂದಲಿನ ಒಂದೆಳೆಯನ್ನು ಹಿಡಿದು ಕೆಳಗೆ ಬಂದರೆ ಅದು ತಲೆಗೆ ಮುಟ್ಟಲಿಲ್ಲ, ತಲೆಯ ಹಿಂದಿನ ಬಂಡೆಗೆ ಮುಟ್ಟಿತು. ಇನ್ನೊಂದನ್ನು ಹಿಡಿದೆ. ಅದೂ ಬಂಡೆಗೆ. ಮೂರನೆಯದರ ತುದಿಯಲ್ಲಿ ಒಂದು ಸಣ್ಣ ತೆನೆ ಇತ್ತು.

ಹಿರಿಯರು ನನ್ನ ಭುಜದ ಹಿಂದಿನಿಂದ ಬಾಗಿ ನೋಡಿದರು. ನನಗಿಂತ ಮೊದಲು ಅವರಿಗೇ ಗುರುತು ಸಿಕ್ಕಿತು.

“ಇದು ಹುಲ್ಲು,” ಅಂದರು. “ಒಣಗಿದ ಗುಡ್ಡದ ಹುಲ್ಲು. ನಮ್ಮ ಎಮ್ಮಿಗೆ ಹಾಕ್ತೀವಿ.”

ಬಂಡೆಯ ಸೀಳಿನಲ್ಲಿ ಬೆಳೆದ ಒಂದು ಹಿಡಿ ಹುಲ್ಲನ್ನು ನಾನು ಅರ್ಧ ದಿನ ಕೂತು, ಊಟ ಬಿಟ್ಟು, ಆ ಹುಡುಗನ ತಲೆಯ ಮೇಲೆ ಕಾಪಾಡಿದ್ದೆ. ಅಂಚಿನಲ್ಲಿ ಹಳದಿ ಕಂಡಲ್ಲೆಲ್ಲ ಕಪ್ಪು ತಿದ್ದಿದ್ದೂ ನೆನಪಾಯಿತು. ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಹುಡುಗ ಕೇಳಿದ್ದು, ನಾನು ಇದ್ದದ್ದೇ ಕತ್ತರಿಸಿದ್ದೇನೆ ಅಂದದ್ದು, ಗಾಳಿಗೆ ಎದ್ದಿರಬೇಕು ಎಂದು ಅವನು ನಂಬಿದ್ದು.

ಹುಡುಗಿ ಕುರ್ಚಿಯ ಹತ್ತಿರ ಬಂದಳು.

“ಅಂದ್ರ ಅವರಿಗೂ ಇದು ಹುಲ್ಲಂತ ಗೊತ್ತಿಲ್ಲ?” ಅಂದಳು.

“ಇಲ್ಲಮ್ಮ. ಅವರು ತಮ್ಮ ಕೂದಲೇ ಅಂತ ತಿಳ್ಕೊಂಡಾರ. ತಪ್ಪು ನಂದು.”

ಅವಳು ಪರದೆಯ ಮೇಲಿನ ಹುಲ್ಲನ್ನು ನೋಡಿದಳು, ಅದರ ಕೆಳಗಿನ ಸಾಧು ಮುಖವನ್ನು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಾಳೆ ಅಂದುಕೊಂಡು ನಾನು ನೀರಿನ ಬಾಟಲಿ ಹಿಡಿದೆ. ನಗುತ್ತಿದ್ದಳು.

“ನಡೀರಿ ಅಪ್ಪಾ,” ಅಂದಳು. “ಯಾರು ಏನು ಹೇಳಿದ್ರೂ ನಂಬೋ ಮನಿಷ್ಯಾ ಅದಾರ. ನಾ ಹೇಳಿದ್ದೂ ನಂಬ್ತಾರ. ಹೂಂ ಅಂತ ಹೇಳಿಬಿಡ್ರಿ.”

ಹಿರಿಯರು ನನ್ನ ಕಡೆ ನೋಡಿದರು. ನಾನು ಅವತ್ತಿಗೆ ಸಾಕಷ್ಟು ಹೇಳಿದ್ದೆ.

ಲಗ್ನ ಆಯಿತು. ಆಲ್ಬಮ್ ಮಾಡಲು ಆ ಫೋಟೋಗಳೂ ನನ್ನ ಹತ್ತಿರವೇ ಬಂದವು. ಅಕ್ಕಿಕಾಳು ಹಾಕುವ ಫೋಟೋ, ಊಟದ ಫೋಟೋ, ಮರುದಿನ ಬೀಗರ ಜೊತೆ ಅಂಗಳದಲ್ಲಿ ಕೂತ ಫೋಟೋ, ಎಲ್ಲದರಲ್ಲೂ ವರ ಬಿಗಿಯಾಗಿ ಪೇಟ ಸುತ್ತಿಕೊಂಡಿದ್ದ. ಆಲ್ಬಮ್ ಒಯ್ಯಲು ಬಂದಾಗಲೂ ತಲೆಯ ಮೇಲೆ ಒಂದು ಟೋಪಿ ಇತ್ತು. ಲಗ್ನ ಮುಗಿದು ಇಪ್ಪತ್ತು ದಿನ ಆಗಿತ್ತು. ಸೆಕೆಗೆ ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

“ಟೋಪಿ ತೆಗೀರಿ, ಫ್ಯಾನ್ ಹಾಕ್ತೀನಿ,” ಅಂದೆ.

“ಬ್ಯಾಡ್ರಿ ಅಕ್ಕಾರ,” ಅಂದ. “ಅವರ ಊರ ಮಂದಿ ಎಲ್ಲಾ ಆ ಫೋಟೋ ನೋಡ್ಯಾರಂತ. ಕೂದಲ ಬಿಸಿಲಿಗೆ ಹಿಡದ್ರ ಉದುರ್ತದ, ಮಳಿಗಾಲ ಬಂದ್ರ ಮತ್ತ ಚಿಗೀತದ, ಅಲ್ಲಿತನಕ ಮುಚ್ಚಿಕೊಂಡೇ ಇರ್ರಿ ಅಂತ ನಮ್ಮಾಕಿ ಹೇಳ್ಯಾಳ.”